ಮ್ಯಾಟಿನ ಕೆಳಗಿನ ಮಟ್ಟಿ

ಸಂಗನಬಸು ಎಂಬ ಪೈಲ್ವಾನನಿಗೆ ಒಂದೇ ಕೊರಗು. ಎಂಟು ವರ್ಷ ಗರಡಿಯಲ್ಲಿ ಮೈ ಪಳಗಿಸಿದ್ದ, ಪಟ್ಟುಗಳೆಲ್ಲ ಕೈವಶವಾಗಿದ್ದವು. ಆದರೂ ಕನ್ನಡಿಯ ಮುಂದೆ ನಿಂತರೆ ತೋಳು ಇನ್ನೂ ದಪ್ಪ ಬೇಕು ಅನ್ನಿಸುತ್ತಿತ್ತು. ಊರಿನ ಹೊಸ ಜಿಮ್ಮಿನ ಟ್ರೇನರ್ ಅವನ ಕಿವಿ ಕಚ್ಚಿದ: "ವಾರಕ್ಕೊಂದು ಇಂಜೆಕ್ಷನ್ ತಗೋ. ಇದು ಗಂಡಸ್ತನದ ಔಷಧ." ಅಷ್ಟು ಹೇಳಿದ ಮೇಲೆ ಯಾವ ಗಂಡಸು ಬೇಡ ಎಂದಾನು?

ಆರೇ ತಿಂಗಳಲ್ಲಿ ಅಂಗಿಯ ತೋಳುಗಳು ಹರಿದವು. ಸಂಗನಬಸು ಬೆಳ್ಳಿ ಗದೆ ಗೆದ್ದ. ಊರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು.

ಆಮೇಲೆ ಮದುವೆಯಾಯಿತು, ಇಂಜೆಕ್ಷನ್ನೂ ನಡೆದೇ ಇತ್ತು. ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ಎಲ್ಲರೂ ಹೆಂಡತಿ ನೀಲಗಂಗಾಳನ್ನೇ ನೋಡಿದರು. ಸೋದರತ್ತೆ ಶಿವಲಿಂಗವ್ವ ಬಾಯಿಬಿಟ್ಟೇ ಅಂದಳು: "ಇಂಥಾ ಹುಲಿಯಂಥಾ ಗಂಡಗ ಏನ್ ಕಡಿಮಿ ಐತಿ? ದೋಷ ಆಕಿದ." ಕಷಾಯ, ಹರಕೆ, ಉಪವಾಸ ಎಲ್ಲವೂ ನೀಲಗಂಗಾಳ ಪಾಲಿಗೇ ಬಂದವು. ಹುಲಿ ಮಾತ್ರ ತಲೆ ತಗ್ಗಿಸಿಕೊಂಡು ರೊಟ್ಟಿ ತಿನ್ನುತ್ತಿತ್ತು.

ಒಂದು ಬೆಳಗ್ಗೆ ಸಂಗನಬಸು ಬನಿಯನ್ ಹಾಕಿಕೊಂಡು ಗರಡಿಗೆ ಇಳಿದ. ಗರಡಿಯಲ್ಲಿ ಮೈಮೇಲೆ ಲಂಗೋಟಿ ಬಿಟ್ಟು ಬೇರೆ ಬಟ್ಟೆ ಇರುವುದಿಲ್ಲ. ಗುರು ಮಕ್ತುಂಸಾಬರು ಎಲ್ಲರೂ ಹೋಗುವತನಕ ಕಾದು ಕೇಳಿದರು:

"ಎದಿ ಯಾಕ ಮುಚ್ಕೊಂಡಿಯೋ?"

ಅವನು ಅಳುತ್ತ ಬನಿಯನ್ ತೆಗೆದ. ಎದೆ ಹೆಣ್ಣುಮಕ್ಕಳ ಹಾಗೆ ಊದಿತ್ತು, ಮುಟ್ಟಿದರೆ ನೋವು. ಇಂಜೆಕ್ಷನ್ನಿನ ಕಥೆಯೂ ಹೊರಬಿತ್ತು. ಗುರುಗಳು ಬೈಯಲಿಲ್ಲ. ಅಂದೇ ದೊಡ್ಡಾಸ್ಪತ್ರೆಗೆ ಅಟ್ಟಿದರು.

ಡಾಕ್ಟರಮ್ಮ ರಕ್ತ, ವೀರ್ಯ ಎರಡನ್ನೂ ಪರೀಕ್ಷಿಸಿ ಹೇಳಿದರು: "ಗಂಡು ಹಾರ್ಮೋನು ಮಾಡು ಅಂತ ಮೆದುಳು ವೃಷಣಗಳಿಗೆ ಸದಾ ಸಂದೇಶ ಕಳಿಸ್ತಿರುತ್ತೆ. ನೀವು ಅದನ್ನ ಹೊರಗಿನಿಂದ ತುಂಬಿದ್ರಿ. ಬೇಕಾದಷ್ಟಿದೆ ಅಂತ ಮೆದುಳು ಸುಮ್ಮನಾಯ್ತು. ವೃಷಣಗಳು ಕೆಲಸ ನಿಲ್ಲಿಸಿ ಕುಗ್ಗಿಹೋಗಿವೆ. ವೀರ್ಯಾಣು ಒಂದೂ ಇಲ್ಲ. ಮೈಗೆ ಹೆಚ್ಚಾದ ಹಾರ್ಮೋನು ಹೆಣ್ಣು ಹಾರ್ಮೋನಾಗಿ ಬದಲಾಗಿ ಎದೆ ಬೆಳೆದಿದೆ."

"ಮತ್ತ ಸರಿ ಆಗತೈತೇನ್ರಿ?"

"ಬಹಳ ಜನಕ್ಕೆ ಆಗುತ್ತೆ, ಎಲ್ಲರಿಗೂ ಅಲ್ಲ. ಇಂಜೆಕ್ಷನ್ ಬಿಡಬೇಕು, ನಾವು ಹೇಳಿದ ಚಿಕಿತ್ಸೆ ತಗೋಬೇಕು, ತಿಂಗಳುಗಟ್ಟಲೆ ಕಾಯಬೇಕು."

ಆದರೆ ಬೆಳ್ಳಿ ಗದೆಗಾಗಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುಸ್ತಿಗೆ ಎರಡೇ ತಿಂಗಳು ಉಳಿದಿತ್ತು. "ಗದೆ ಉಳಿಸ್ಕೋ, ಆಮೇಲೆ ಬಿಡುವಿಯಂತೆ," ಎಂದು ಟ್ರೇನರ್ ಹೊಸ ಬಾಟಲಿ ತೋರಿಸಿದ. ಸಂಗನಬಸು ದಿಕ್ಕು ತೋಚದೆ ಗುರುಗಳ ಬಳಿ ಬಂದ.

ಗರಡಿಯ ಹಿಂದೆ ಇನ್ನೊಂದು ಮಟ್ಟಿ ಇತ್ತು. ಮಟ್ಟಿ ಎಂದರೆ ಕುಸ್ತಿಯ ಕೆಮ್ಮಣ್ಣಿನ ಅಂಕಣ. ವರ್ಷದ ಹಿಂದೆ ಅದರ ಮೇಲೆ ಮೆತ್ತನೆಯ ಮ್ಯಾಟ್ ಹಾಸಿದ್ದರು. ಗುರುಗಳು ಮ್ಯಾಟ್ ಎಳೆಸಿ, ಸಲಿಕೆ ಕೊಟ್ಟು "ಅಗಿ" ಎಂದರು. ಸಲಿಕೆ ಠಣ್ ಎಂದಿತು.

"ಸತ್ತೈತೇನ ಮಣ್ಣು?"

"ಇಲ್ರಿ, ಕಲ್ಲಾಗೈತಿ."

"ಮ್ಯಾಲ ಮೆತ್ತಗ ಹಾಸಿತ್ತು, ಯಾರೂ ಇದನ್ನ ಕೆದರಲಿಲ್ಲ. ನಿನ್ನ ಮೈಯಾಗೂ ಇದ ಆಗೈತಿ. ಈ ಮಣ್ಣು ದಿನಾ ಅಗಿ, ಹದಕ್ಕ ಬರಾಕ ಮಜ್ಜಿಗಿ ಹಾಕು, ಎಣ್ಣಿ ಹಾಕು. ಅವಸರ ಮಾಡಬ್ಯಾಡ."

ಸಂಗನಬಸು ಸೀದಾ ಮನೆಗೆ ಹೋದ. ಊಟಕ್ಕೆ ಕೂತ ಎಲ್ಲರೆದುರು ಹೇಳಿದ: "ದೋಷ ನೀಲಗಂಗಾಂದಲ್ಲ, ಅತ್ತಿ. ನಂದು. ಇಂಜೆಕ್ಷನ್ ಚುಚ್ಚಿಸ್ಕೊಂಡು ನಾನ ಹಾಳಾಗೀನಿ." ಶಿವಲಿಂಗವ್ವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಗೆದ್ದ ಕುಸ್ತಿಗಳಲ್ಲೆಲ್ಲ ದೊಡ್ಡದು ಇದೇ ಅಂತ ನನಗನ್ನಿಸುತ್ತದೆ.

"ಈ ಮಾತು ಹೇಳಾಕ ಇಷ್ಟು ದಿನಾ ಬೇಕಾತೇನ?" ಎಂದು ನೀಲಗಂಗಾ ಗದರಿದಳು. ಆಮೇಲೆ ಕಣ್ಣೊರೆಸಿಕೊಂಡು ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು.

ಇಂಜೆಕ್ಷನ್ ಬಿಟ್ಟ ಅವನು ಆ ವರ್ಷ ಕುಸ್ತಿಗೆ ಇಳಿಯಲಿಲ್ಲ. ಗದೆ ಬೇರೆಯವರ ಪಾಲಾಯಿತು. ತೋಳು ಇಳಿಯಿತು, ಊರು ನಕ್ಕಿತು. ಕೆಲವು ದಿನ ಬೆಳಗ್ಗೆ ಬದುಕೇ ಸಾಕೆನಿಸಿ ಹಾಸಿಗೆ ಹಿಡಿದು ಮಲಗುತ್ತಿದ್ದ. ಬಾಟಲಿಯ ನೆನಪು ಕಾಡುತ್ತಿತ್ತು. ಡಾಕ್ಟರಮ್ಮ ಅದಕ್ಕೂ ಧೈರ್ಯ ಹೇಳಿ ಮದ್ದು ಕೊಟ್ಟರು. ನೀಲಗಂಗಾ ಕಂಬಳಿ ಎಳೆದು "ಏಳ್ರಿ, ಮಟ್ಟಿ ಕಾಯಾಕತ್ತೈತಿ" ಎನ್ನುತ್ತಿದ್ದಳು. ಅವನು ಎದ್ದು ಹೋಗಿ ಅಗೆಯುತ್ತಿದ್ದ.

ಮಟ್ಟಿ ನಾಲ್ಕೇ ತಿಂಗಳಲ್ಲಿ ಸಡಿಲಾಯಿತು. ಮೈ ಮೊಂಡು, ಹದಿನಾಲ್ಕು ತಿಂಗಳು ತೆಗೆದುಕೊಂಡಿತು. ಕೊನೆಗೆ ಡಾಕ್ಟರಮ್ಮ ರಿಪೋರ್ಟ್ ನೋಡಿ ನಕ್ಕರು: "ವೃಷಣಗಳು ಮತ್ತೆ ಕೆಲಸಕ್ಕೆ ಬಂದಿವೆ! ಎದೆಯ ಊತವೂ ಇಳಿದಿದೆ."

ಇಂಜೆಕ್ಷನ್ ಬಿಟ್ಟು ಮೂರು ವರ್ಷ ಕಳೆದ ಮೇಲೆ, ಗರಡಿಯ ಆ ಹಿಂದಿನ ಮಟ್ಟಿಯ ಮೇಲೆಯೇ ದೊಡ್ಡ ಕುಸ್ತಿ ನಡೆಯಿತು. ಎದುರಾಳಿ ಸಂಗನಬಸುವಿಗಿಂತ ಹದಿನೈದು ಕಿಲೋ ಹೆಚ್ಚು. ಸಂಗನಬಸು ಬರಿ ಎದೆಯಲ್ಲಿ ಇಳಿದ. ಎಂಟನೆಯ ನಿಮಿಷಕ್ಕೆ ಸೊಂಟಕ್ಕೆ ಪಟ್ಟು ಹಾಕಿ ಅವನನ್ನು ಅಂಗಾತ ಕೆಡವಿದ. ಹಲಗೆ ವಾದ್ಯದ ಸದ್ದು ಮುಗಿಲಿಗೇರಿತು!

ಜನ ಹೆಗಲಿಗೆ ಏರಿಸಿಕೊಳ್ಳಲು ನುಗ್ಗಿದರು. ಅವನು ಕೈಯೆತ್ತಿ ತಡೆದ. ಮಟ್ಟಿಯ ಅಂಚಿನಲ್ಲಿ ನೀಲಗಂಗಾ ನಿಂತಿದ್ದಳು, ಕಂಕುಳಲ್ಲಿ ಏಳು ತಿಂಗಳ ಮಗಳು. ಸಂಗನಬಸು ಚಿಟಿಕೆ ಕೆಮ್ಮಣ್ಣನ್ನು ಮಗುವಿನ ಹಣೆಗಿಟ್ಟು, ಮಗಳನ್ನು ತನ್ನ ಹೆಗಲ ಮೇಲೆ ಕೂರಿಸಿಕೊಂಡ. ಅಂದಿನ ಮೆರವಣಿಗೆಯಲ್ಲಿ ಮೆರೆದವಳು ಅವಳು. ಮುಂದೆ ಬೆಳ್ಳಿ ಗದೆ ಹಿಡಿದು ಹೆಜ್ಜೆ ಹಾಕಿದವಳು, ಬೇರಾರೂ ಅಲ್ಲ, ಶಿವಲಿಂಗವ್ವ.

ನೀತಿ: ಮೈ ತಾನೇ ಮಾಡಿಕೊಳ್ಳುವುದನ್ನು ಹೊರಗಿನಿಂದ ಸುರಿದರೆ, ಮೈ ತನ್ನ ಕೆಲಸವನ್ನೇ ಮರೆಯುತ್ತದೆ. ಚುಚ್ಚಿಸಿಕೊಂಡ ತೋಳಿನಿಂದ ಗಂಡಸ್ತನ ಬರುವುದಿಲ್ಲ. ತಪ್ಪನ್ನು ಒಪ್ಪಿಕೊಂಡು, ತಾಳಿ, ದುಡಿದು ಎದ್ದು ನಿಲ್ಲುವವನೇ ಗಟ್ಟಿಗ.