ಏರಿ ಬುಡದಲ್ಲಿ ಹಾಲು

ಕಾಲು ಒಳಗೆ ಎಳ್ಕೊ ಪುಟ್ಟಿ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಜವರಮ್ಮ ಅಂತ ಒಬ್ಬಳು ಗೌಡಸಾನಿ ಇದ್ದಳಂತೆ. ಅವಳಿಗೆ ಸ್ವಂತದ್ದೊಂದು ಕಟ್ಟೆ, ಅಂದ್ರೆ ಸಣ್ಣ ಕೆರೆ, ಅವಳ ಮಾವ ಮಣ್ಣು ಹೊರಿಸಿ ಏರಿ ಹಾಕಿಸಿದ್ದು. ಇದು ಊರಿನದ್ದಲ್ಲ, ನಮ್ಮದು ಅಂತ ಜಂಬ ಕೊಚ್ಚೋಕೆ ಅವಳು ಮುಂದು, ಗುದ್ದಲಿ ಹಿಡಿಯೋಕೆ ಮಾತ್ರ ಮನೇಲಿ ಒಬ್ಬರೂ ಇಲ್ಲ. ಏರಿ ಕೆಳಗೆ ಕುಂಬಾರರ ಏಳು ಮನೆ.

ಅವಳಿಗೆ ಮೂರು ಜನ ಗಂಡು ಮಕ್ಕಳು. ದೊಡ್ಡವನು ಏರಿ ಮೇಲಿನ ಜಾಲಿ ಗಿಡ ಕಡೀಬೇಕು, ಅವನು ಅದರ ನೆರಳಲ್ಲೇ ಚೌಕಾಬಾರ ಆಡ್ತಿದ್ದನಂತೆ. ನಡುವಿನವನು ಹೆಚ್ಚಿನ ನೀರು ಹೋಗೋ ಕೋಡಿ ಕಾಯಬೇಕು, ಅವನು ಮೀನು ತಪ್ಪಿಸ್ಕೋತವೆ ಅಂತ ಅಲ್ಲಿಗೆ ತಡಿಕೆ ಬಿಗಿದಿದ್ದನಂತೆ. ಆ ಮೀನು ಯಾವಳ ಮನೆ ಸೇರ್ತಿತ್ತು ಅಂತ ಹೇಳಲ್ಲ, ನೀನಿನ್ನೂ ಚಿಕ್ಕೋಳು. ಕಿರಿಯವನು ಸೋಮಾರಿ, ಆದರೆ ಹೆಂಡತಿ ಪುಟ್ಟತಾಯಿ ನೀರಗಂಟಿ ಮಗಳು. ಅವಳಪ್ಪ ಹುಟ್ಟಿದಾಗಿಂದ ಕೆರೆ ಕಾದವನು.

ಏರಿ ನಡುವೆ ಆಳೆತ್ತರದ ಒಂದು ಹುತ್ತ. ಪ್ರತಿ ನಾಗರಪಂಚಮಿಗೆ ಜವರಮ್ಮ ಅದಕ್ಕೆ ಹಾಲೆರೆಯೋಳು. ಐದು ಕೊಡ ಹುಯ್ದರೂ ಒಂದು ತೊಟ್ಟು ಮೇಲೆ ನಿಲ್ಲಲ್ಲ. ನಮ್ಮ ನಾಗಪ್ಪ ಬೇರೆಯೋರ ನಾಗಪ್ಪನ ಹಾಗಲ್ಲ ಕಣ್ರೇ, ಎಷ್ಟು ಕೊಟ್ಟರೂ ಕುಡೀತಾನೆ ಅಂತ ಊರೆಲ್ಲ ಹೇಳ್ಕೊಂಡು ಬರೋಳಂತೆ.

ಆ ವರ್ಷ ಮಳೆ ಬಿಡಲೇ ಇಲ್ಲ. ಮೊದಲನೇ ವಾರ ಏರಿ ಬುಡದಲ್ಲಿ ತಿಳಿನೀರು ಜಿನುಗಿತಂತೆ. ಪುಟ್ಟತಾಯಿ ದೊಡ್ಡ ಭಾವನಿಗೆ ಹೇಳಿದರೆ, ಕಟ್ಟೆ ಬೆವರ್ತದೆ ಕಣಮ್ಮ, ನಾವು ಬೆವರಲ್ವಾ ಅಂದನಂತೆ. ನೀನು ಯಾವತ್ತು ಬೆವರಿದ್ದೀಯೋ ಅಂತ ಅವಳು ಕೇಳಲಿಲ್ಲ, ನಾನಾಗಿದ್ದರೆ ಕೇಳ್ತಿದ್ದೆ. ಎರಡನೇ ವಾರ ಬೆರಳು ಗಾತ್ರ ಹರೀತು, ನೀರು ಕೆಂಪಗಿತ್ತು. ತಿಳಿನೀರು ಬಂದರೆ ಕಾಯಿ, ಕೆಂಪುನೀರು ಬಂದರೆ ಓಡು, ಏರಿ ಒಳಗಿಂದ ಕರಗ್ತಿದೆ ಅಂತ ಅವಳಪ್ಪ ಹೇಳಿದ್ದ. ಅತ್ತೆ ಹತ್ರ ಓಡಿದಳಂತೆ. ಅತ್ತೆ, ಆ ಹುತ್ತದ ಬಿಲಾನೇ ನೀರಿಗೆ ದಾರಿ ಆಗಿದೆ, ಅಗೆದು ಮಣ್ಣು ತುಂಬಿಸಬೇಕು ಅಂದಳು ಪುಟ್ಟತಾಯಿ. ಜವರಮ್ಮ ಕೆಂಡವಾದಳು. ನಾಗಪ್ಪನ ಮನೆಗೆ ಗುದ್ದಲಿ ಹಾಕ್ತೀಯೇನೇ, ನೀರಗಂಟಿ ಮಗಳು ನೀರಗಂಟಿ ಬುದ್ಧಿನೇ ಅಂದಳಂತೆ.

ಆಮೇಲೆ ಮೂರನೇ ವಾರ, ಪಂಚಮಿ. ನೀರು ಕೋಡಿ ಮಟ್ಟ ಮುಟ್ಟಿತ್ತು, ತಡಿಕೆಗೆ ಕಸ ಕಟ್ಟಿ ಹೊರಗೆ ಹೋಗೋಕೆ ದಾರಿಯಿಲ್ಲ. ಕೆಳಗೆ ಕುಂಬಾರರ ಸಾಕವ್ವ ತುಂಬು ಬಸುರಿ, ಅಂಗಳದಲ್ಲಿ ಮಡಕೆ ತಟ್ತಾ ಕೂತಿದ್ದಳು. ಪುಟ್ಟತಾಯಿ ಯಾರಿಗೂ ಹೇಳದೆ ಹಾಲಿಗೆ ಎರಡು ಹಿಡಿ ಅರಿಶಿನ ಕಲಸಿದಳಂತೆ. ಐದು ಕೊಡ ಹುಯ್ದದ್ದಾಯ್ತು, ನಾಗಪ್ಪ ಕುಡಿದದ್ದೂ ಆಯ್ತು. ಅತ್ತೆ, ಒಂದು ಗಳಿಗೆ ಕೆಳಗೆ ಬನ್ನಿ ಅಂತ ಕೈ ಹಿಡಿದು ಇಳಿಸಿದಳು.

ಬುಡದಲ್ಲಿ ಹಳದಿ ಹಾಲು ಕುದುರೆ ಉಚ್ಚೆ ಹಾಗೆ ಹರೀತಿತ್ತಂತೆ! ಕುಂಬಾರರ ಬೆಕ್ಕು ಕಣ್ಣು ಮುಚ್ಕೊಂಡು ನೆಕ್ತಾ ಇತ್ತು. ಇಷ್ಟು ವರ್ಷ ಕುಡಿದ ನಾಗಪ್ಪ ಇವನೇನಾ ಅತ್ತೆ ಅಂದಳು ಪುಟ್ಟತಾಯಿ.

ಅಷ್ಟರಲ್ಲಿ ಏರಿಯಿಂದ ಒಂದು ಹೆಂಟೆ ಮಣ್ಣು ಕಳಚಿ ಬಿತ್ತು. ಸಾಕವ್ವಾ, ಏಳೇ ತಾಯಿ, ದಿಣ್ಣೆ ಹತ್ತೇ ಅಂತ ಗೌಡಸಾನಿ ಸೆರಗು ಜಾರಿದ್ದೂ ತಿಳೀದೆ ಕೂಗಿದಳಂತೆ. ಅವಳ ಸೆರಗು ಜಾರಿದ್ದು ಊರು ಕಂಡದ್ದು ಅದೊಂದೇ ಸಲ. ಏಳೂ ಮನೆಯೋರು ದಿಣ್ಣೆ ಹತ್ತಿದರು, ನಡುವಿನವನು ತಡಿಕೆ ಕಿತ್ತ, ದೊಡ್ಡವನು ಗದ್ದೆಗೆ ನೀರು ಬಿಡೋ ತೂಬು ತೆಗೆದ, ಕಿರಿಯವನು ಕೂಡ ಮಣ್ಣು ಹೊತ್ತ. ನೀರು ಇಳಿಯೋವರೆಗೆ ಎರಡು ಹಗಲು ಯಾರೂ ಕೂರಲಿಲ್ಲ. ಏರಿ ತಡೀತು.

ಆಮೇಲೆ ಜವರಮ್ಮನೇ ಕೈಮುಗಿದು ಹುತ್ತ ಅಗೆಸಿದಳಂತೆ. ಒಳಗೆ ಹಾವಿಲ್ಲ, ಹಳೇ ಪೊರೆ ಒಂದೇ. ನಾಗಪ್ಪ ಬುದ್ಧಿವಂತ, ಮನೆ ಒದ್ದೆ ಅಂತ ಯಾವತ್ತೋ ಖಾಲಿ ಮಾಡಿದ್ದ! ಜೇಡಿಮಣ್ಣು ತುಂಬಿ, ಎಮ್ಮೆ ತುಳಿಸಿ ಗಟ್ಟಿ ಮಾಡಿದರು. ಹುತ್ತದ ಮುಂದಿದ್ದ ನಾಗರ ಕಲ್ಲು ಅರಳಿ ಮರದ ಬುಡಕ್ಕೆ ಹೋಯ್ತು. ಅಲ್ಲಿಂದಾಚೆಗೆ ಪಂಚಮಿ ಬೆಳಿಗ್ಗೆ ಗೌಡಸಾನಿ ಮೊದಲು ಏರಿ ಬುಡ ನೋಡಬೇಕು, ಮಣ್ಣು ಒಣಗಿದ್ದರೆ ಮಾತ್ರ ಹಾಲು.

ಸಾಕವ್ವ ಹೆಣ್ಣು ಹೆತ್ತಳಂತೆ. ಆ ಕೂಸು ಏರಿ ಕೆಳಗೇ ನಿದ್ದೆ ಮಾಡಿತು, ನೀನೂ ಮಾಡು. ಅಲ್ಲಿ ಏರಿ ಗಟ್ಟಿ, ಇಲ್ಲಿ ಕತೆ ಮುಗೀತು.