ಗಾಣಿಗನ ಹೆಂಡತಿಯ ಕಿರಿಕಿರಿ

"ಗುರುಗಳೇ, ಸಣ್ಣಪುಟ್ಟ ತೊಂದರೆಗೆ ಬಾಯಿಗೆ ಬಂದ ಮಾತು ಅಂದುಬಿಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

"ಏನು ಅಂದೆ, ಯಾರಿಗೆ ಅಂದೆ, ಅದನ್ನು ಮೊದಲು ಹೇಳು" ಎಂದರು ಗುರುಗಳು.

"ಮಠದ ಅಡುಗೆಯ ಪರ್ವತಯ್ಯನವರು ಇವತ್ತು ಅಂಬಲಿ ತಡಮಾಡಿದರು. ಯಾಕೆಂದು ಕೇಳಿದರೆ, ಕೈ ಸ್ವಲ್ಪ ಚುರುಚುರು ಅಂತೈತಿ ಅಂದರು. 'ನಿಮ್ಮದು ದಿನಾ ಒಂದು ಪೀಡೆ, ಜೀವ ಹಿಂಡಿಬಿಟ್ಟಿರಿ' ಅಂದೆ. ಹಾಗನ್ನಬಾರದಿತ್ತು ಎಂದು ಜೊತೆಯವರು ನನಗೇ ಬುದ್ಧಿ ಹೇಳುತ್ತಿದ್ದಾರೆ. ನಾನೇನು ಶಾಪ ಹಾಕಿದೆನೇ? ಎಲ್ಲರೂ ಅನ್ನುವ ಮಾತು ಅದು. ಅಂದದ್ದು ಅಲ್ಲಿಗೇ ಮುಗಿಯಿತು."

ಗುರುಗಳು ಸ್ವಲ್ಪ ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಕುಸುಬೆ ಎಣ್ಣೆ ತೆಗೆದು ಮಾರುತ್ತಿದ್ದ. ಎಣ್ಣೆ ಚೊಕ್ಕ, ಅಳತೆ ಚೊಕ್ಕ. ಬಾಯಿ ಮಾತ್ರ ಸಡಿಲ. ಕೆಟ್ಟ ಮಾತು ಆಡುವವನಲ್ಲ, ದೊಡ್ಡ ಮಾತು ಆಡುವವನು. ಸೊಳ್ಳೆ ಕಚ್ಚಿದರೆ ಜೀವ ಹೋಯಿತು ಎನ್ನುವನು. ಗಿರಾಕಿ ಎರಡು ಸಲ ಬೆಲೆ ಕೇಳಿದರೆ ತಲೆ ಒಡೆದುಹೋಯಿತು ಎನ್ನುವನು. ಚಪ್ಪಲಿ ಕಿತ್ತುಹೋದರೆ ತಾಪತ್ರಯ ಎನ್ನುವನು. ಹುಟ್ಟಿದವರನ್ನು ಸುಡುವ ಮೂರು ದುಃಖಗಳಿಗೆಂದು ಹಿರಿಯರು ಮಾಡಿಟ್ಟ ಮಾತು ಅದು. ಇವನ ಬಾಯಲ್ಲಿ ಅದು ಚಪ್ಪಲಿಯ ತನಕ ಇಳಿಯಿತು. ಒಲೆ ಒಂದಿಷ್ಟು ಹೊಗೆಯಾಡಿದರೆ ಸಾಕು, "ಕಣ್ಣು ಕಿತ್ತು ಬರತಾವ" ಎಂದು ಅಂಗಳಕ್ಕೆ ಓಡುವನು. ಆಮೇಲೆ ಒಳಗೆ ಬಂದು ಎರಡು ರೊಟ್ಟಿ ಹೆಚ್ಚೇ ಉಣ್ಣುವನು. ಊರವರಿಗೆ ಅದೊಂದು ತಮಾಷೆ. ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಯಾರೂ ದೂರುತ್ತಲೂ ಇರಲಿಲ್ಲ.

ಒಂದು ಸದ್ದಿಗೆ ಮಾತ್ರ ಅವನು ಬಾಯಿ ಮುಚ್ಚುತ್ತಿದ್ದ. ಗಾಣ ಕಿರಿಕಿರಿ ಎಂದರೆ ಎತ್ತನ್ನು ನಿಂತಲ್ಲೇ ನಿಲ್ಲಿಸುವನು. ಗಾಣದ ಮರಕ್ಕೆ ಕಿವಿಯಿಟ್ಟು, ಎಲ್ಲಿ ಉಜ್ಜುತ್ತಿದೆ ಎಂದು ಹುಡುಕಿ, ಅಲ್ಲಿಗೆ ಎಣ್ಣೆ ಬಿಟ್ಟು, ಆಮೇಲೆಯೇ ಎತ್ತು ಹೊಡೆಯುವನು. ಆ ಸದ್ದನ್ನು ಹಾಗೇ ಬಿಟ್ಟರೆ ಮರ ಸೀಳುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅವನ ಹೆಂಡತಿ ಮಿತಮಾತಿನವಳು. ಒಂದು ದಿನ ಅವಳು ಕುಸುಬೆ ಕೇರುತ್ತಿದ್ದಳು. ಗಾಳಿ ತಿರುಗಿ, ಹೊಟ್ಟಿನ ಒಂದು ಚೂರು ಅವಳ ಬಲಗಣ್ಣಿಗೆ ಹಾರಿತು. ನೀರಿನಿಂದ ತೊಳೆದಳು. ಚೂರು ಬಂತೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಕಣ್ಣು ಕೆಂಪಾಯಿತು. ಸಂಜೆ ಗಂಡ ಉಣ್ಣಲು ಕುಳಿತಾಗ, "ರೀ, ಕಣ್ಣಾಗ ಸ್ವಲ್ಪ ಕಿರಿಕಿರಿ ಆಗಾಕತ್ತೈತ್ರಿ" ಎಂದಳು.

ಅವನು ತಲೆ ಎತ್ತಲಿಲ್ಲ. "ಮುಂಜಾನಿಂದ ಎತ್ತಿನ ಕಾಟ, ಗಿರಾಕಿ ಕಾಟ. ಈಗ ನಿಂದೊಂದು ರಗಳೆ. ಹರಳೆಣ್ಣಿ ಬಿಟ್ಕೊಂಡು ಮಲಕ್ಕೊ" ಎಂದ.

ಅವನ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ. ಬಾಯಿಗೆ ಬಂತು, ಅಂದ. ಅವಳು ಹರಳೆಣ್ಣೆ ಬಿಟ್ಟುಕೊಂಡಳು. ಮತ್ತೆ ಆ ಮಾತು ಎತ್ತಲಿಲ್ಲ. ಸೆರಗಿನಿಂದ ಕಣ್ಣು ಮುಚ್ಚಿಕೊಂಡು ರೊಟ್ಟಿ ಬಡಿದಳು, ಕಾಳು ಹಸನು ಮಾಡಿದಳು. ಈ ನಡುವೆ ಒಮ್ಮೆ ಗಾಣ ಸದ್ದು ಮಾಡಿತು. ಅವನು ತಕ್ಷಣ ಎತ್ತು ನಿಲ್ಲಿಸಿ ಮರಕ್ಕೆ ಕಿವಿಯಿಟ್ಟ. ಅವಳು ಬಾಗಿಲಲ್ಲಿ ನಿಂತು ಒಂದೇ ಕಣ್ಣಿನಿಂದ ಅದನ್ನು ನೋಡಿದಳು. ನೋಡಿ, ಒಳಗೆ ಹೋದಳು.

ಸಂತೆಯ ದಿನ ಒಬ್ಬ ವೈದ್ಯ ಎಣ್ಣೆಗೆ ಬಂದ. ಅವಳು ಸೆರಗು ಹಿಡಿದ ರೀತಿ ನೋಡಿ ಅವನಿಗೆ ಅನುಮಾನ ಬಂತು. ಸೆರಗು ಸರಿಸಲು ಹೇಳಿದ. ರೆಪ್ಪೆ ಬಿಡಿಸಿ ನೋಡಿದ.

"ಸ್ವಲ್ಪ ಕಿರಿಕಿರಿ ಆಗಿತ್ರಿ" ಎಂದಳು ಅವಳು.

"ಇದು ಕಿರಿಕಿರಿ ಅಲ್ಲ ತಾಯಿ. ಒಳಗೆ ಹುಣ್ಣಾಗಿ ಕೀವು ತುಂಬಿದೆ. ಇಂಥ ನೋವಿನಲ್ಲಿ ಗಂಡಸರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಮೊದಲ ದಿನವೇ ಬಂದಿದ್ದರೆ ಚೂರು ತೆಗೆದುಬಿಡುತ್ತಿದ್ದೆ. ಈಗ ಈ ಕಣ್ಣು ಉಳಿಯುವುದಿಲ್ಲ" ಎಂದ ವೈದ್ಯ. ಆಮೇಲೆ ಗಾಣಿಗನ ಕಡೆ ತಿರುಗಿ, "ಈಕೆ ನಿನಗೆ ಹೇಳಲೇ ಇಲ್ಲವೇ?" ಎಂದು ಕೇಳಿದ.

ದೊಡ್ಡ ಮಾತಿನ ಗಾಣಿಗ "ಹೇಳಿದ್ದಳು" ಎಂದಷ್ಟೇ ಅಂದ.

ವೈದ್ಯ ಹೋದ ಮೇಲೆ ಹೆಂಡತಿಯ ಮುಂದೆ ಕುಳಿತ. "ಅಷ್ಟು ನೋವಿತ್ತಂದ್ರ ಹಂಗಂತ ಯಾಕ ಹೇಳಲಿಲ್ಲ ನೀನು? ಕಿರಿಕಿರಿ ಅಂತ ಯಾಕಂದಿ?" ಎಂದು ಕೇಳಿದ.

ಅವಳು ಹೇಳಿದಳು: "ಕಣ್ಣು ಕಿತ್ತು ಬರತೈತಿ ಅನ್ನಬೇಕಂತ ಬಾಯಿಗೆ ಬಂದಿತ್ರಿ. ಅದು ನೀವು ಒಲಿ ಹೊಗಿಗೆ ಅನ್ನೋ ಮಾತು. ನಗತೀರಿ ಅಂತ ಸಣ್ಣ ಮಾತು ಅಂದೆ."

ಗುರುಗಳು ಇಲ್ಲಿ ಕತೆ ನಿಲ್ಲಿಸಿದರು. "ಈ ಕತೆ ಹೇಳುವಾಗ ನನಗೆ ಗಾಣಿಗನ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ" ಎಂದರು. "ಒಂದು ಮನೆಯಲ್ಲಿ ನೋವಿಗೆಂದು ಇರುವ ಮಾತುಗಳು ಕೆಲವೇ. ಅವನು ಅವನ್ನೆಲ್ಲ ಸೊಳ್ಳೆಗೆ, ಹೊಗೆಗೆ, ಚಪ್ಪಲಿಗೆ ಕೊಟ್ಟುಬಿಟ್ಟಿದ್ದ. ಅವಳಿಗೆ ನಿಜವಾಗಿ ನೋವು ಬಂದಾಗ ಉಳಿದದ್ದು ಕಿರಿಕಿರಿ ಒಂದೇ."

"ಆಮೇಲೆ ಅವನು ಏನು ಮಾಡಿದ?" ಎಂದು ಶಿಷ್ಯ ಕೇಳಿದ.

ಗುರುಗಳು ಮುಂದುವರಿಸಿದರು.

ಗಾಣಿಗ ಆ ಮಾತುಗಳನ್ನು ಬಿಟ್ಟ. ಸೊಳ್ಳೆ ಕಚ್ಚಿದರೆ ಸುಮ್ಮನೆ ಕೆರೆದುಕೊಂಡ. ಒಲೆ ಹೊಗೆಯಾಡಿದರೆ ತಾನೇ ಎದ್ದು ಕಟ್ಟಿಗೆ ಸರಿಸಿದ. ಆದರೆ ಹೆಂಡತಿಯ ಬಾಯಿಗೆ ನೋವಿನ ದೊಡ್ಡ ಮಾತು ಬರಲೇ ಇಲ್ಲ. ಬೆಳಿಗ್ಗೆ ಗಾಣಕ್ಕೆ ಎತ್ತು ಹೂಡುವ ಮೊದಲು ಅವನು ಅವಳನ್ನು ಬಿಸಿಲಿಗೆ ಕೂರಿಸಿ, ಉಳಿದ ಕಣ್ಣಿನ ರೆಪ್ಪೆ ಬಿಡಿಸಿ ನೋಡುವನು. "ಏನರ ಆಗತೈತೇನು?" ಎಂದು ಕೇಳುವನು. "ಏನಿಲ್ರಿ" ಎನ್ನುವಳು. ನಿಜವಾಗಿಯೂ ಏನೂ ಇಲ್ಲವೋ, ಇದ್ದೂ ಇಲ್ಲ ಎನ್ನುತ್ತಾಳೋ, ಅವನಿಗೆ ತಿಳಿಯುತ್ತಿರಲಿಲ್ಲ. ಗಾಣದ ಮರದ ಸದ್ದು ತಿಳಿಯುತ್ತಿತ್ತು, ಹೆಂಡತಿಯ ಮಾತು ತಿಳಿಯದೇ ಹೋಯಿತು. ಅವಳಿರುವವರೆಗೂ ಅವನು ಹಾಗೆ ನೋಡುತ್ತಲೇ ಇದ್ದ.

ಕತೆ ಮುಗಿಯಿತು. ಶಿಷ್ಯ ಕೈಮುಗಿದ. "ಅರ್ಥವಾಯಿತು ಗುರುಗಳೇ. ಇನ್ನು ಮೇಲೆ ಪೀಡೆ, ಕಾಟ, ಜೀವ ಹಿಂಡಿದಿರಿ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ" ಎಂದ.

"ಅದಿರಲಿ," ಎಂದರು ಗುರುಗಳು, "ಪರ್ವತಯ್ಯನ ಕೈಗೆ ಏನಾಗಿದೆ?"