ದೊಡ್ಡಿ ಬಿಡದ ಎತ್ತು

"ಗುರುಗಳೇ, ನೀವು ನನಗೆ ಮಾಡುತ್ತಿರುವುದು ರೆಸ್ಕ್ಯೂ ಎನ್ನಬೇಕೋ, ರಿಡೀಮ್ ಎನ್ನಬೇಕೋ?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಎರಡರೊಳಗ ಸಸ್ತಾ ಯಾವುದು?" ಎಂದರು.

ಮುರಿಗೆಪ್ಪ ತಾಳ್ಮೆಯಿಂದ ನಕ್ಕ. ಅವನು ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕ. ಸಂಬಳವಿಲ್ಲದ ರಜೆ ಹಾಕಿ ಮಠಕ್ಕೆ ಬಂದು ಕುಳಿತಿದ್ದ. ಮನೆಯಲ್ಲಿ ಅವಳಿ ಮಕ್ಕಳಿಗೆ ಹಲ್ಲು ಬರತೊಡಗಿದ ತಿಂಗಳಲ್ಲೇ ಅವನಿಗೆ ವೈರಾಗ್ಯವೂ ಬಂದಿತ್ತು. ಇಲ್ಲಿ ಹೊತ್ತಿಗೆ ಸರಿಯಾಗಿ ಪ್ರಸಾದದ ಗಂಟೆ ಬಾರಿಸುತ್ತಿತ್ತು. ರಾತ್ರಿ ಯಾರೂ ಅಳುತ್ತಿರಲಿಲ್ಲ. ಧ್ಯಾನ ಚೆನ್ನಾಗಿ ಹತ್ತುತ್ತಿತ್ತು, ನಿದ್ದೆ ಅದಕ್ಕಿಂತ ಚೆನ್ನಾಗಿ ಹತ್ತುತ್ತಿತ್ತು. ಹೆಂಡತಿ ಕಸ್ತೂರಿ ಪ್ರತಿ ಸೋಮವಾರ ಬಸ್ಸಿನಲ್ಲಿ ಬಂದು, ಮನೆಗೆ ಬರಬೇಕು ಎಂದು ಒಳಗೆ ಹೇಳಿಕಳಿಸುತ್ತಿದ್ದಳು. ಸಾಧನೆ ಅರ್ಧಕ್ಕೆ ಬಂದಿದೆ ಎಂದು ಅವನು ಹೊರಗೆ ಹೇಳಿಕಳಿಸುತ್ತಿದ್ದ. ಇವತ್ತೂ ಸೋಮವಾರವೇ. ಅವಳು ಬಂದ ಸುದ್ದಿ ಇನ್ನೂ ಇರಲಿಲ್ಲ. ಅವನ ಮನಸ್ಸು ಹಗುರವಾಗಿತ್ತು.

ಮಠದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆ ಬರೆದುಕೊಡುತ್ತೇನೆಂದು ಅವನೇ ಮುಂದಾಗಿ ಹೇಳಿದ್ದ. ಯಾರೂ ಕೇಳಿರಲಿಲ್ಲ. ಅದು 'ಉದ್ಧಾರ' ಎಂಬ ಮೊದಲ ಮಾತಿಗೇ ಸರಿಯಾದ ಇಂಗ್ಲಿಷ್ ಪದ ಸಿಗದೆ ನಿಂತುಬಿಟ್ಟಿತ್ತು.

"ಹಾಗಲ್ಲ ಗುರುಗಳೇ. ಹೊಳೆಯಲ್ಲಿ ಮುಳುಗುವವನನ್ನು ಜುಟ್ಟು ಹಿಡಿದು ಎಳೆದರೆ ರೆಸ್ಕ್ಯೂ. ಕಳೆದುಹೋದ ಸ್ವತ್ತು ಮರಳಿ ಕೈಸೇರಿದರೆ ರಿಕವರಿ. ಹಿಡಿದಿಟ್ಟುಕೊಂಡವನಿಗೆ ಹಣ ಕೊಟ್ಟು ಬಿಡಿಸಿಕೊಂಡರೆ ರ್‍ಯಾನ್ಸಮ್. ಅಡವಿಟ್ಟದ್ದನ್ನು ಬಿಡಿಸಿಕೊಂಡರೆ ರಿಡೀಮ್. ಈಗ ಆತ್ಮದ ವಿಷಯ ಬಂದಾಗ—"

"ತಮ್ಮಾ, ಒಂದು ಎತ್ತಿನ ವಿಷಯ ಹೇಳತೀನಿ," ಎಂದರು ಗುರುಗಳು. "ಅದು ಯಾವುದರೊಳಗ ಕೂಡತೈತಿ ನೋಡು."

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಜೋಡಿ ಎತ್ತು. ಅದರಲ್ಲಿ ಒಂದು, ಹಗ್ಗ ಕಿತ್ತುಕೊಂಡು ಹೋಗಿ ಬೇರೆಯವರ ಹೊಲ ಮೇಯಿತು. ಹಿಡಿದವರು ಪಂಚಾಯಿತಿಯ ದೊಡ್ಡಿಗೆ ಹೊಡೆದರು. ಮಾಲೀಕನಿಲ್ಲದೆ ತಿರುಗುವ ದನವನ್ನು ದೊಡ್ಡಿಯಲ್ಲಿ ಕೂಡಿಹಾಕುವುದು, ಮಾಲೀಕ ದಂಡ ಕಟ್ಟಿ ಬಿಡಿಸಿಕೊಂಡು ಹೋಗುವುದು ಆ ಊರಿನ ಕಾಯ್ದೆ. ದೊಡ್ಡಿಯಲ್ಲಿರುವಷ್ಟು ದಿನ ದನಕ್ಕೆ ನೆರಳು, ನೀರು, ಎರಡು ಹೊತ್ತು ಮೇವು ಕೊಡಬೇಕು. ಅದರಿಂದ ಕೆಲಸ ತೆಗೆದುಕೊಳ್ಳಬಾರದು. ಅದೂ ಕಾಯ್ದೆಯಲ್ಲಿತ್ತು.

ರೈತ ದಂಡ ಕಟ್ಟಿ ಎತ್ತನ್ನು ಮನೆಗೆ ಹೊಡೆದುಕೊಂಡು ಬಂದ.

"ರ್‍ಯಾನ್ಸಮ್," ಎಂದ ಮುರಿಗೆಪ್ಪ.

ಮರುದಿನ ಬೆಳಿಗ್ಗೆ ರೈತ ನೊಗ ಎತ್ತಿಕೊಂಡು ಕೊಟ್ಟಿಗೆಗೆ ಹೋದರೆ ಎತ್ತು ಇರಲಿಲ್ಲ. ಹುಡುಕಿಕೊಂಡು ಹೋದ. ದೊಡ್ಡಿಯೊಳಗೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

"ಮತ್ಯಾಕ ಹಿಡದಿ?" ಎಂದು ರೈತ ದೊಡ್ಡಿ ಕಾಯುವವನ ಮೇಲೆ ಹರಿಹಾಯ್ದ.

"ನಾ ಎಲ್ಲಿ ಹಿಡದೆ? ಅದ ಬಂತು. ಗೇಟಿನ ಮುಂದ ನಿಂತು, ತಗಿ ತಗಿ ಅಂತ ಒದರಾಕತ್ತಿತ್ತು," ಎಂದ ಕಾವಲುಗಾರ. "ಮಾಲಕಿಲ್ಲದ ದನ ಕಂಡ್ರ ಒಳಗ ಹಾಕಬೇಕಂತ ಕಾಯ್ದೆ ಐತಿ. ನಿನ್ನ ಎತ್ತಿಗಿ ಕಾಯ್ದೆ ನನಗಿಂತ ಚಲೋ ಗೊತ್ತೈತಿ ಬಿಡು."

ರೈತ ಮತ್ತೆ ದಂಡ ಕಟ್ಟಿದ. ಎತ್ತು ಮತ್ತೆ ಹೋಯಿತು. ಕಣ್ಣಿ ಹಾಕಿ ಕಟ್ಟಿದರೆ ಕಣ್ಣಿ ಕಿತ್ತಿತು. ಸರಪಳಿ ಹಾಕಿದರೆ ಗೂಟವನ್ನೇ ಕಿತ್ತು, ಅದನ್ನೂ ಎಳೆದುಕೊಂಡು ದೊಡ್ಡಿ ಸೇರಿತು. ನೊಗದ ಸಪ್ಪಳ ಕೇಳಿದರೆ ಸಾಕು, ಅದಕ್ಕೆ ದೊಡ್ಡಿಯ ನೆನಪಾಗುತ್ತಿತ್ತು.

ಮಳೆಯಾಗಿ ಹೊಲದಲ್ಲಿ ಹಸಿ ಇತ್ತು. ಆರುವುದರೊಳಗೆ ಬಿತ್ತಬೇಕು, ಇಲ್ಲದಿದ್ದರೆ ಆ ವರ್ಷ ಮನೆಯಲ್ಲಿ ಉಣ್ಣಲು ಏನೂ ಇರುವುದಿಲ್ಲ. ಊರವರೆಲ್ಲ ಬಿತ್ತಿ ಮುಗಿಸುತ್ತಿದ್ದರು. ರೈತ ಕಟ್ಟೆಯ ಮೇಲೆ ಕುಳಿತು ಸಲಹೆ ಕೇಳುತ್ತಿದ್ದ. ಹತ್ತು ಆಳು ಕಟ್ಟಿಕೊಂಡು ದೊಡ್ಡಿಯ ಗೋಡೆ ಒಡೆದು ಎಳೆದು ತಾ ಎಂದ ಒಬ್ಬ.

"ಇದು ರೆಸ್ಕ್ಯೂ," ಎಂದ ಮುರಿಗೆಪ್ಪ. ಅವನ ಮುಖ ಅರಳಿತ್ತು.

ಪಂಚಾಯಿತಿಯ ಮೇಲೆ ದಾವಾ ಹಾಕು, ಎತ್ತೂ ಬರುತ್ತದೆ, ಕಟ್ಟಿದ ದಂಡವೂ ವಾಪಸು ಬರುತ್ತದೆ ಎಂದ ಇನ್ನೊಬ್ಬ.

"ರಿಕವರಿ! ಬಡ್ಡಿ ಸಮೇತ."

ಎತ್ತಿಗೆ ಗಾಳಿ ಸೋಕಿದೆ, ಮಂತ್ರ ಹಾಕಿಸು ಎಂದ ಮೂರನೆಯವ.

ಮುರಿಗೆಪ್ಪ ಇದನ್ನು ಯಾವುದರೊಳಗೆ ಸೇರಿಸಬೇಕೆಂದು ಯೋಚಿಸುತ್ತಿದ್ದ. ಗುರುಗಳು ಕಾಯಲಿಲ್ಲ.

ರೈತನ ಹೆಂಡತಿ ಮೂವರ ಮಾತನ್ನೂ ಕೇಳಿದಳು. ಗಂಡನನ್ನು ಕಟ್ಟೆಯಿಂದ ಎಬ್ಬಿಸಿದಳು.

"ಅದಕ್ಕ ಬುದ್ಧಿ ಬರೂತನಕ ಹಸಿ ಕಾಯತೈತೇನು? ಕೂರಿಗಿ ನೀ ಹಿಡಿ, ಬೀಜಾನೂ ನೀನ ಬಿಡು. ಆಚೀಕಡೆ ನೊಗಕ್ಕ ನಾ ಹೆಗಲ ಕೊಡತೀನಿ," ಎಂದಳು.

ಉಳಿದ ಎತ್ತನ್ನು ಒಂದು ಕಡೆ ಕಟ್ಟಿದರು. ಇನ್ನೊಂದು ಕಡೆ ಅವಳು ನಿಂತಳು. ಸೆರಗನ್ನು ಸಿಂಬಿ ಮಾಡಿ ಹೆಗಲಿಗಿಟ್ಟುಕೊಂಡು ನೊಗ ಹೊತ್ತಳು. ಸಾಲು ಸೊಟ್ಟ ಬಂದವು. ನೋಡಿದವರು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಹೊಲ ದೊಡ್ಡಿಯ ಪಕ್ಕಕ್ಕೇ ಇತ್ತು. ಎತ್ತು ಗೋಡೆಯ ಮೇಲೆ ಗದ್ದ ಇಟ್ಟು ನೋಡುತ್ತಿತ್ತು. ಮೇವಿನ ಹೊತ್ತಾದಾಗ ತಿರುಗಿ ಒಳಗೆ ಹೋಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮೊರದಲ್ಲಿ ಇನ್ನೊಂದು ಕಲ್ಲು ಸಿಕ್ಕಿತು. ತೆಗೆದು ಎಸೆದರು.

ಮುರಿಗೆಪ್ಪ ಕಾದ. ಕತೆ ಹೀಗೆ ನಡುವೆ ನಿಲ್ಲುವುದು ಅವನಿಗೆ ಸರಿಬರಲಿಲ್ಲ. ತರಗತಿಯಲ್ಲಾಗಿದ್ದರೆ ಇಂಥ ಉತ್ತರಕ್ಕೆ ಅರ್ಧ ಅಂಕ ಕಳೆಯುತ್ತಿದ್ದ. ಎತ್ತಿಗೆ ಪಶ್ಚಾತ್ತಾಪವಾಗಬೇಕಿತ್ತು. ಗೋಡೆ ಹಾರಿ ಬಂದು ತಾನಾಗಿಯೇ ನೊಗಕ್ಕೆ ಕೊರಳು ಕೊಡಬೇಕಿತ್ತು. ಆಗ ರಿಡೀಮ್ ಎಂಬ ಮಾತು ಸೊಗಸಾಗಿ ಕೂರುತ್ತಿತ್ತು. ಪುಸ್ತಿಕೆಗೆ ಒಂದು ಪುಟವೂ ಆಗುತ್ತಿತ್ತು.

ಅಷ್ಟರಲ್ಲಿ ಪ್ರಸಾದದ ಗಂಟೆ ಬಾರಿಸಿತು. ಅವನು ಯೋಚಿಸುವ ಮೊದಲೇ ಅವನ ಕಾಲು ಎದ್ದು ನಿಂತವು. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಊಟದ ಮನೆಯ ಕಡೆ ಎರಡು ಹೆಜ್ಜೆ ಇಟ್ಟ. ಆಮೇಲೆ ನೆನಪಾಗಿ ತಿರುಗಿದ.

"ಕೊನೆಗೆ ಎತ್ತಿನದು ಏನಾಯಿತು ಗುರುಗಳೇ? ಬಂತೋ ಇಲ್ಲವೋ?"

ಗುರುಗಳು ಮೊರವನ್ನು ಬದಿಗಿಟ್ಟರು. ಮೊದಲ ಸಲ ಅವನ ಮುಖ ನೋಡಿದರು.

"ಅದನ್ನ ನಾ ಹೆಂಗ ಹೇಳಲಿ, ನಾ ಬರೇ ದೊಡ್ಡಿ ಕಾಯಾಂವ, ಕಸ್ತೂರಿ ಎರಡೂ ಕೂಸು ಹೊತಗೊಂಡು ಮುಂಜಾನೆಯಿಂದ ಗೇಟಿನಾಗ ಕುಂತಾಳ."